ನೀರು ಮೊದಲು ಯಾರಿಗೆ?



ಕೊಳ್ಳೇಗಾಲದ ಕಡೆಯ ಹಿರಿಯರಿಗೆ ಒಂದು ಸಂಗತಿ ಗೊತ್ತಿರುತ್ತದೆ. 1956ರವರೆಗೂ ಅವರ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಜಿಲ್ಲಾ ಕಚೇರಿಯ ಕೆಲಸವೆಂದರೆ ಘಟ್ಟ ಇಳಿಯಬೇಕಿತ್ತು. ಭಾಷೆಯ ಲೆಕ್ಕದಲ್ಲಿ ರಾಜ್ಯಗಳು ಬೇರೆಯಾದಾಗ ಕೊಳ್ಳೇಗಾಲ ಈಚೆ ಬಂತು. ಆದರೆ ಎಷ್ಟೋ ತಲೆಮಾರಿನ ಹಿಂದೆ ಘಟ್ಟ ಇಳಿದು ಹೋಗಿ ಬೇರುಬಿಟ್ಟಿದ್ದ ಕನ್ನಡದ ಮನೆಗಳು ಆಚೆಯೇ ಉಳಿದವು. ಒಕ್ಕಲಿಗರು ಮಣ್ಣು ಹಿಡಿದರು. ದೇವಾಂಗದವರು ಮಗ್ಗ ಹಿಡಿದರು. ಸಿರುಮುಗೈಯ ಮಗ್ಗದ ಮನೆಗಳಲ್ಲಿ, ಬೆಟ್ಟದ ಬುಡದ ತೋಟಗಳಲ್ಲಿ ಇಂದಿಗೂ ಮನೆಮಾತು ಕನ್ನಡವೇ. ಬೀದಿಗೆ ಬಂದರೆ ತಮಿಳು. ಓದು, ಬರಹ, ಲೆಕ್ಕ ಎಲ್ಲ ತಮಿಳು. ನಿಮ್ಮಲ್ಲಿ ಕೆಲವರಿಗೆ ಅಲ್ಲಿ ನೆಂಟರೂ ಇರಬಹುದು.

ಆ ಸೀಮೆಯ ತೋಟದ ಮನೆಗಳು ಬೇಸಿಗೆ ಕಳೆಯುವುದು ಹೇಗೆ, ಅದರಲ್ಲೂ ಮಳೆ ಕೈಕೊಟ್ಟ ವರ್ಷದ ಬೇಸಿಗೆ ಹೇಗೆ, ಇದು ಇವತ್ತಿನ ಮಾತು. ಕೊಯಮತ್ತೂರು ಜಿಲ್ಲೆಯೂ ಇದರಲ್ಲಿ ಬರುತ್ತದೆ, 2009ರಲ್ಲಿ ಹೊಸದಾಗಿ ಹುಟ್ಟಿದ ತಿರುಪ್ಪೂರು ಜಿಲ್ಲೆಯೂ ಬರುತ್ತದೆ. ನಾನು ಹೇಳುವ ಮನೆ ಯಾವುದೋ ಒಬ್ಬರ ಮನೆಯಲ್ಲ. ಹಲವು ಮನೆಗಳನ್ನು ಸೇರಿಸಿ ಒಂದು ಮನೆ ಕಟ್ಟಿದ್ದೇನೆ. ಆ ಮನೆಯಲ್ಲಿ ಬೆಳಗ್ಗೆ ಎದ್ದರೆ ಒಂದೇ ಪ್ರಶ್ನೆ. ನೀರು ಮೊದಲು ಯಾರಿಗೆ?

ಮೊದಲು ಮನೆ ಎಲ್ಲಿದೆ ಎಂದು ಹೇಳಿಬಿಡುತ್ತೇನೆ. ನಮ್ಮ ಕಡೆ ಊರು ಒಂದು ಕಡೆ, ಹೊಲ ಇನ್ನೊಂದು ಕಡೆ. ಅಲ್ಲಿ ಹಾಗಲ್ಲ. ಬೇಸಾಯಗಾರ ತನ್ನ ಜಮೀನಿನ ನಡುವೆಯೇ ಮನೆ ಕಟ್ಟಿಕೊಳ್ಳುತ್ತಾನೆ. ಪಕ್ಕದ ಮನೆ ಕೂಗಳತೆಯಲ್ಲಿದ್ದರೆ ಅದೃಷ್ಟ. ಮನೆಯ ಹತ್ತಿರ ಬಾವಿ. ಬಾವಿಯ ನೀರು ತಲುಪುವಷ್ಟು ನೆಲ ತೋಟ. ಅದರಾಚೆ ಮಳೆ ನಂಬಿದ ಹೊಲ. ಆ ಹೊಲಕ್ಕೆ ಅಲ್ಲಿ ಕಾಡು ಎನ್ನುತ್ತಾರೆ. ಕಾಂಗೇಯಂ, ಧಾರಾಪುರಂ ಕಡೆಗೆ ಹೋದರೆ ಇನ್ನೊಂದು ಬಗೆಯ ನೆಲವಿದೆ. ಅದು ಕೊರಂಗಾಡು. ಅದರ ಮಾತಿಗೆ ಆಮೇಲೆ ಬರುತ್ತೇನೆ.

ಈ ಸೀಮೆ ಒಣಗುವುದು ಯಾಕೆ? ಪಶ್ಚಿಮ ಘಟ್ಟ ಮಳೆಯನ್ನು ತಡೆದು ತಾನೇ ಇಟ್ಟುಕೊಳ್ಳುತ್ತದೆ. ಅದೇ ಕೊಯಮತ್ತೂರು ಜಿಲ್ಲೆಯ ಬೆಟ್ಟದ ಮೇಲೆ ವಾಲ್ಪಾರೈ ಇದೆ. ಅಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ. ಕೆಳಗಿನ ಬಯಲಿಗೆ ಬರುವುದು ಆರುನೂರು, ಏಳುನೂರು. ಹೆಚ್ಚು ಕಡಿಮೆ ನಮ್ಮ ಚಿತ್ರದುರ್ಗ, ಕೋಲಾರದ ಲೆಕ್ಕ. ಘಟ್ಟದ ಸಾಲಿನಲ್ಲಿ ಪಾಲಕ್ಕಾಡಿನ ಬಳಿ ಒಂದು ದೊಡ್ಡ ಬಿರುಕಿದೆ. ಅಲ್ಲಿಂದ ಜೂನ್, ಜುಲೈಯಲ್ಲಿ ಗಾಳಿ ನುಗ್ಗಿ ಬರುತ್ತದೆ. ಮಳೆ ಮಾತ್ರ ಅಷ್ಟಾಗಿ ಬರುವುದಿಲ್ಲ. ಮಳೆಯ ಅರ್ಧದಷ್ಟು ಪಾಲು ಅಕ್ಟೋಬರ್, ನವೆಂಬರಿನ ಹಿಂಗಾರಿನದು. ಆ ಎರಡು ತಿಂಗಳು ತಪ್ಪಿದರೆ ಮುಂದಿನ ಬೇಸಿಗೆ ಹೇಗಿರುತ್ತದೆ ಎಂದು ಡಿಸೆಂಬರಿನಲ್ಲೇ ಗೊತ್ತಾಗಿಬಿಡುತ್ತದೆ. ಅಂದರೆ ಕಷ್ಟ ದೂರದಿಂದಲೇ ಕಾಣಿಸುತ್ತದೆ. ಅದೇ ಒಂದು ಹಿಂಸೆ.

ಮೇ ನಾಲ್ಕರಿಂದ ತಿಂಗಳ ಕೊನೆಯವರೆಗೆ ಅವರಿಗೆ ಕತ್ತರಿ ಬಿಸಿಲು. ಅಗ್ನಿ ನಕ್ಷತ್ರವೆಂದೂ ಹೇಳುತ್ತಾರೆ. ಭರಣಿಯ ಕೊನೆ, ಕೃತ್ತಿಕೆ ಪೂರ್ತಿ, ರೋಹಿಣಿಯ ಮೊದಲು. ಈ ನಕ್ಷತ್ರಗಳ ಹೆಸರು ಕೇಳಿದರೆ ನಮ್ಮ ಮೈಸೂರು, ಮಂಡ್ಯದ ರೈತ ಮೋಡ ನೋಡುತ್ತಾನೆ. ಘಟ್ಟದ ಕೆಳಗಿನ ಅವನ ನೆಂಟ ಬಾವಿ ನೋಡುತ್ತಾನೆ.

ಜಮೀನಿನ ನಡುವೆ ಒಂಟಿ ಮನೆ. ಹಿಂಗಾರನ್ನೇ ನೆಚ್ಚಿದ ಬದುಕು. ಇದಿಷ್ಟು ಹಿನ್ನೆಲೆ. ಇನ್ನು ಹಿಂದಿನವರು ಬೇಸಿಗೆ ಕಳೆಯುತ್ತಿದ್ದ ರೀತಿ ಕೇಳಿ.

ನಮ್ಮ ಹಳೇ ಮೈಸೂರಿನ ಹಿರಿಯರಿಗೆ ಕಪಿಲೆ ಬಾವಿ ಗೊತ್ತು. ಜೋಡೆತ್ತು, ಚರ್ಮದ ಚೀಲ, ಇಳಿಜಾರು ದಾರಿ. ಎತ್ತು ಇಳಿದರೆ ಚೀಲ ಮೇಲೆ ಬರುತ್ತದೆ. ಎತ್ತು ಹಿಂದಕ್ಕೆ ಹೆಜ್ಜೆ ಇಟ್ಟು ಏರಿದರೆ ಚೀಲ ಕೆಳಗೆ ಹೋಗುತ್ತದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ದೇಶ ನೋಡಿ ಬರಲು ಕಳಿಸಿತು. ಅವನು ಮೈಸೂರು ಸೀಮೆ ಸುತ್ತಿ ಕೊಯಮತ್ತೂರಿಗೂ ಇಳಿದ. ಕಪಿಲೆಯಲ್ಲಿ ನೀರೆತ್ತುವ ಬಾವಿಗಳ ಬಗೆಗೆ ಬರೆದಿಟ್ಟ. ಅಲ್ಲಿನ ಬಾವಿ ಬಂಡೆ ಸೀಳಿ ತೋಡಿದ್ದು. ಬಾಯಿ ಅಗಲ. ಆಳ ಅರವತ್ತು ಅಡಿ, ನೂರು ಅಡಿ. ಅಂಚಿನಲ್ಲಿ ನಿಂತು ಒಂದು ಕಲ್ಲು ಹಾಕಿ ಕಿವಿಗೊಟ್ಟರೆ, ನೀರಿನ ಸದ್ದು ಬರುವಷ್ಟರಲ್ಲಿ ಎರಡು ಎಣಿಸಬಹುದು.

ಕಪಿಲೆಯ ದೊಡ್ಡ ಗುಣ ಯಾವುದು ಗೊತ್ತೆ? ಅದು ಎತ್ತಿನ ಜೊತೆ ದಣಿಯುತ್ತಿತ್ತು. ಬೆಳಗಿನ ತಂಪಿನಲ್ಲಿ ಇಷ್ಟು ಹೊತ್ತು, ಸಂಜೆ ಇಷ್ಟು ಹೊತ್ತು. ಅದಕ್ಕಿಂತ ಹೆಚ್ಚು ನೀರು ಬೇಕೆಂದರೂ ಸಿಗುತ್ತಿರಲಿಲ್ಲ. ಹಾಗಾಗಿ ಬೇಸಿಗೆಯಲ್ಲಿ ತೋಟದಲ್ಲಿ ಹಸಿರಾಗಿರುತ್ತಿದ್ದದ್ದು ಅಂಗೈಯಗಲ. ನಾಲ್ಕು ಸಾಲು ಕತ್ತರಿ ಬಿಸಿಲಿನ ತರಕಾರಿ, ದನಕ್ಕೆ ಒಂದಿಷ್ಟು ಹಸಿ ಜೋಳ. ಉಳಿದ ನೆಲವೆಲ್ಲ ಪಾಳು ಬಿದ್ದಿರುತ್ತಿತ್ತು. ಸಜ್ಜೆ, ಜೋಳ, ಹುರುಳಿ ಹಿಂದಿನ ಮಳೆಗೆ ಬೆಳೆದು ಕಣಜ ಸೇರಿರುತ್ತಿತ್ತು. ಜೋಳದ ಸೊಪ್ಪೆ ಬಣವೆ ಕಟ್ಟಿರುತ್ತಿತ್ತು. ಬೇಸಿಗೆಯಲ್ಲಿ ನೆಲ ಮಲಗುತ್ತಿತ್ತು. ನೆಲ ಮಲಗಿದರೆ ಮನೆಯವರಿಗೂ ಸ್ವಲ್ಪ ಬಿಡುವು. ಮದುವೆ, ಮಾರಿಯಮ್ಮನ ಹಬ್ಬ, ದನದ ಜಾತ್ರೆ ಎಲ್ಲ ಆಗಲೇ.

ಇಲ್ಲಿ ಕೊರಂಗಾಡಿನ ಮಾತು ಬರಬೇಕು. ನಾಲ್ಕಾರು ಎಕರೆಯ ಹುಲ್ಲುಗಾವಲು ಎಂದುಕೊಳ್ಳಿ. ಸುತ್ತ ಮುಳ್ಳುಕಿಳುವೆ ಎಂಬ ಗಿಡದ ಜೀವಂತ ಬೇಲಿ. ಕೊಂಬೆ ಕತ್ತರಿಸಿ ನೆಟ್ಟರೆ ಚಿಗುರುತ್ತದೆ. ಹೆಣೆದುಕೊಂಡು ಎದೆಯೆತ್ತರ ಬೆಳೆಯುತ್ತದೆ. ಕುರಿ ನುಸುಳಲಾರದು, ನಾಯಿಯೂ ನುಸುಳಲಾರದು. ಒಳಗೆ ಕೊಳುಕ್ಕಟ್ಟೈ ಹುಲ್ಲು. ಅಲ್ಲೊಂದು ಇಲ್ಲೊಂದು ಬಿಳಿಜಾಲಿ ಮರ. ಹುಲ್ಲು ಮೇಲೆ ಒಣಗಿದರೂ ಬುಡ ಸಾಯುವುದಿಲ್ಲ. ಒಂದು ಹದ ಮಳೆ ಬಿದ್ದರೆ ವಾರದೊಳಗೆ ಚಿಗುರು. ಹುಲ್ಲು ಮುಗಿದ ಬೇಸಿಗೆಯಲ್ಲಿ ಬಿಳಿಜಾಲಿಯ ಕಾಯಿ ಉದುರುತ್ತದೆ. ಕುರಿಗಳಿಗೆ ಅದೇ ಹಬ್ಬ. ಬೆಳಗ್ಗೆ ತಡಿಕೆ ತೆಗೆದು ದನ ಕುರಿ ಒಳಗೆ ಬಿಟ್ಟರೆ ಸಂಜೆಯವರೆಗೆ ಕಾಯುವ ಕೆಲಸವಿಲ್ಲ. ಒಂದು ಕಾವಲು ಆಳು ಉಳಿಯಿತು. ನೀರಾವರಿ ಇಲ್ಲ, ಗೊಬ್ಬರ ಬೇಡ. ಸರ್ಕಾರದ ಕಾಗದದಲ್ಲಿ ಇಂಥ ನೆಲವನ್ನು ಬಂಜರು ಎಂದು ಬರೆಯುವುದು ಬಹಳ ಸುಲಭ. ನನ್ನ ಕಣ್ಣಿಗೆ ಆ ಸೀಮೆಯಲ್ಲಿ ಅದಕ್ಕಿಂತ ಜಾಣ ಬೇಸಾಯ ಬೇರೆ ಕಾಣಲಿಲ್ಲ.

ಈ ಕೊರಂಗಾಡಿನಲ್ಲಿ ಬೆಳೆದದ್ದೇ ಕಾಂಗೇಯಂ ತಳಿ. ಕರು ಹುಟ್ಟುವಾಗ ಕೆಂಪು. ಆರು ತಿಂಗಳಾಗುವಾಗ ಬೂದು ಬಣ್ಣಕ್ಕೆ ತಿರುಗುತ್ತದೆ. ಹೋರಿಯ ಇಣಿ, ತೊಡೆ ಕಪ್ಪು ಛಾಯೆ. ಪಳಯಕೋಟೆಯ ಪಟ್ಟಗಾರರೆಂಬ ಒಡೆಯರ ಮನೆತನ ಈ ತಳಿಯನ್ನು ಕಾಪಾಡಿ ಬೆಳೆಸಿತು. ಒಣ ಸೊಪ್ಪೆ ತಿಂದು, ಬಿಸಿಲಲ್ಲಿ ನಿಂತು, ಕಪಿಲೆ ಎಳೆದು ಬದುಕುವ ದನ. ಹಾಲು ಕಡಿಮೆ. ನಮ್ಮ ಹಳ್ಳಿಕಾರನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಹಳೆಯದೆಲ್ಲ ಚಿನ್ನವಾಗಿತ್ತು ಎಂದು ಹೇಳಲು ನಾನು ಹೊರಟಿಲ್ಲ. 1876ರ ಧಾತು ಸಂವತ್ಸರದ ಬರ ನಮ್ಮ ಮೈಸೂರನ್ನು ಹೇಗೆ ನುಂಗಿತೋ ಕೊಯಮತ್ತೂರನ್ನೂ ಹಾಗೆಯೇ ನುಂಗಿತು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಆ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷ ಇಳಿದುಹೋಯಿತು. ಬೆಳೆಯಬೇಕಿದ್ದ ಸಂಖ್ಯೆ ಇಳಿಯಿತು. ಕಪಿಲೆಯೂ ಕೊರಂಗಾಡೂ ಅವರನ್ನು ಉಳಿಸಲಿಲ್ಲ. ಒಂದು ವರ್ಷದ ಬರವನ್ನು ಆ ವ್ಯವಸ್ಥೆ ತಡೆದುಕೊಳ್ಳುತ್ತಿತ್ತು. ಮೇಲೆ ಮೇಲೆ ಎರಡು ವರ್ಷ ಬಂದರೆ ಇಲ್ಲ. ಈ ಮಾತನ್ನು ನೆನಪಿಟ್ಟುಕೊಂಡೇ ಮುಂದಕ್ಕೆ ಹೋಗೋಣ.

ಹಿಂದಿನ ಮನೆಯಲ್ಲಿ ಬೇಸಿಗೆಯ ನೀರು ಮೊದಲು ಮನುಷ್ಯರಿಗೆ ಮತ್ತು ದನಕ್ಕೆ. ಬೆಳೆಗೆ ಕೊನೆಯ ಪಾಲು. ಯಾಕೆಂದರೆ ಬೇಸಿಗೆಯಲ್ಲಿ ಬೆಳೆ ಇರುತ್ತಿದ್ದದ್ದೇ ಅಂಗೈಯಗಲ. ಈ ಸರದಿ ತಲೆಕೆಳಗಾದದ್ದು ಯಾವಾಗ?

1932ರಲ್ಲಿ ನೀಲಗಿರಿಯ ಪೈಕಾರದಲ್ಲಿ ಜಲವಿದ್ಯುತ್ ಶುರುವಾಯಿತು. ಕರೆಂಟು ಬಯಲಿಗೆ ಇಳಿಯಿತು. ಮಿಲ್ಲುಗಳಿಗೆ ಬಂತು, ನಿಧಾನವಾಗಿ ಬಾವಿಗಳಿಗೂ ಬಂತು. ಕೊಯಮತ್ತೂರೇ ಪಂಪು, ಮೋಟಾರು ಮಾಡುವ ಪಟ್ಟಣವಾಯಿತು. ನಮ್ಮ ಹಳ್ಳಿಗಳ ಎಷ್ಟೋ ಪಂಪುಗಳ ಮೇಲೆ ಆ ಊರಿನ ಹೆಸರನ್ನು ನೀವೇ ಓದಿದ್ದೀರಿ. ಆಮೇಲೆ ಕರೆಂಟಿನ ದರದ ಜಗಳ. 1970ರಲ್ಲಿ ತಿರುಪ್ಪೂರಿನ ಹತ್ತಿರ ಪೆರುಮಾನಲ್ಲೂರಿನಲ್ಲಿ ರೈತರ ಮೇಲೆ ಗೋಲಿಬಾರಾಯಿತು. ರೈತರು ಸತ್ತರು. 1972ರಲ್ಲಿ ಸಿ. ನಾರಾಯಣಸ್ವಾಮಿ ನಾಯ್ಡು ಅವರ ಮುಂದಾಳ್ತನದಲ್ಲಿ ಎತ್ತಿನ ಗಾಡಿಗಳು ಬಂದು ಕೊಯಮತ್ತೂರು ಪಟ್ಟಣದ ದಾರಿಗಳನ್ನೇ ಕಟ್ಟಿ ಹಾಕಿದವು. ನಮ್ಮ ನರಗುಂದ, ನವಲಗುಂದದ ರೈತ ಬಂಡಾಯಕ್ಕೆ ಎಂಟು ವರ್ಷ ಮೊದಲು. 1990ರ ಹೊತ್ತಿಗೆ ತಮಿಳುನಾಡಿನ ರೈತರ ಪಂಪಿಗೆ ಕರೆಂಟು ಪುಕ್ಕಟೆಯಾಯಿತು.

ಆ ಹೋರಾಟ ನ್ಯಾಯವಾದದ್ದು. ಆದರೆ ಒಂದು ಮಾತು ಹೇಳಬೇಕು. ಎತ್ತು ದಣಿಯುತ್ತಿತ್ತು. ಮೋಟಾರು ದಣಿಯುವುದಿಲ್ಲ. ಬಾವಿ ಮಾತ್ರ ದಣಿಯಿತು. ತೆರೆದ ಬಾವಿ ಬತ್ತಿತು. ಅದರ ತಳದಲ್ಲೇ ಬೋರು ಕೊರೆಸಿದರು. ಮುನ್ನೂರು ಅಡಿ, ಆರುನೂರು ಅಡಿ, ಈಗ ಸಾವಿರ ಅಡಿ ದಾಟಿದ್ದೂ ಇದೆ. ಹಳೆಯ ಬಾವಿ ಈಗ ಬರೀ ತೊಟ್ಟಿ. ಬೋರಿನ ನೀರನ್ನು ಅದಕ್ಕೆ ಬಿಟ್ಟು, ತುಂಬಿದ ಮೇಲೆ ಇನ್ನೊಂದು ಪಂಪಿನಿಂದ ಎತ್ತಿ ತೋಟಕ್ಕೆ ಹಾಯಿಸುತ್ತಾರೆ.

ಹತ್ತಿ, ರಾಗಿ, ಜೋಳದ ಜಾಗಕ್ಕೆ ತೆಂಗು ಬಂತು. ಇದಕ್ಕೆ ಕಾರಣವಿದೆ. ಆಳು ಸಿಗುವುದಿಲ್ಲ. ಮಕ್ಕಳು ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೊರಟರು. ತೆಂಗಿಗೆ ದಿನಾ ಆಳು ಬೇಡ. ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಕಾಯಿ ಕೆಡವಿದರೆ ಕೈಗೆ ಕಾಸು. ಕಾಂಗೇಯಂ ಕೊಬ್ಬರಿ, ಎಣ್ಣೆಯ ದೊಡ್ಡ ಪೇಟೆ. ಅಲ್ಲಿ ಎಕರೆಗಟ್ಟಲೆ ಕಣಗಳಲ್ಲಿ ಹೋಳು ಮಾಡಿದ ಕಾಯಿಯನ್ನು ಅಂಗಾತ ಒಣಹಾಕಿರುತ್ತಾರೆ. ಕತ್ತರಿ ಬಿಸಿಲು ಕೊಬ್ಬರಿಗೆ ಬಹಳ ಒಳ್ಳೆಯದು. ಅದೇ ಬಿಸಿಲು ಮರಕ್ಕೆ ಮಾತ್ರ ಶತ್ರು.

ಈಗ ಒಂದು ಲೆಕ್ಕ. ಬೇಕಾದರೆ ಬೆರಳು ಮಡಿಚಿಕೊಳ್ಳಿ. ಮನೆಯಲ್ಲಿ ಆರು ಜನ. ಬಹಳ ಹಿಡಿತ ಮಾಡಿದರೆ ದಿನಕ್ಕೆ ಮುನ್ನೂರು ಲೀಟರಿನಲ್ಲಿ ಅಡುಗೆ, ಸ್ನಾನ, ಬಟ್ಟೆ ಎಲ್ಲ ಮುಗಿಸಬಹುದು. ಕೊಟ್ಟಿಗೆಯಲ್ಲಿ ಎರಡು ಹಸು. ಬೇಸಿಗೆಯಲ್ಲಿ ಒಂದೊಂದಕ್ಕೆ ಐವತ್ತು, ಅರವತ್ತು ಲೀಟರ್. ಹತ್ತು ಕುರಿ, ಎಲ್ಲಕ್ಕೂ ಸೇರಿ ಐವತ್ತು. ಒಟ್ಟು ಐನೂರು ಲೀಟರಿನೊಳಗೆ ಮನೆಯ ಜೀವಗಳೆಲ್ಲ ಬದುಕುತ್ತವೆ. ಇನ್ನು ತೆಂಗು. ಎಕರೆಗೆ ಎಪ್ಪತ್ತು ಮರ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾನಿಲಯದವರ ಶಿಫಾರಸಿನ ಪ್ರಕಾರ, ಹನಿ ನೀರಾವರಿಯಲ್ಲೂ ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ ಸುಮಾರು ಅರವತ್ತೈದು ಲೀಟರ್ ಬೇಕು. ಎಕರೆಗೆ ನಾಲ್ಕೂವರೆ ಸಾವಿರ ಲೀಟರ್ ಆಯಿತು. ಮನೆಮಂದಿ, ದನ, ಕುರಿ ಎಲ್ಲಕ್ಕೂ ಬೇಕಾದದ್ದರ ಒಂಬತ್ತು ಪಟ್ಟು. ಇದು ಬರೀ ಒಂದು ಎಕರೆಗೆ. ನಮ್ಮ ಮನೆಗೆ ಮೂರು ಎಕರೆ ಇದೆ.

ಜೋಳ ಒಣಗಿದರೆ ಆ ವರ್ಷದ ಜೋಳ ಹೋಯಿತು, ಅಷ್ಟೆ. ತೆಂಗು ಹಾಗಲ್ಲ. ತೆಂಗು ಮನೆಗೆ ಬಂದ ಅಳಿಯನಿದ್ದ ಹಾಗೆ. ಕಷ್ಟ ಬಂದಿದೆ ಎಂದು ಉಪಚಾರ ನಿಲ್ಲಿಸುವಂತಿಲ್ಲ. ನೀರು ತಪ್ಪಿದರೆ ಮೊದಲು ಹರಳು ಉದುರುತ್ತವೆ. ಆಮೇಲೆ ಕೆಳಗಿನ ಗರಿಗಳು ಕಾಂಡಕ್ಕೆ ಅಂಟಿ ಜೋತುಬೀಳುತ್ತವೆ. ಕೊನೆಗೆ ಸುಳಿ ಬಾಗುತ್ತದೆ. ಮರ ಉಳಿದರೂ ಆ ಬೇಸಿಗೆಯ ಪೆಟ್ಟು ಎರಡು ಮೂರು ವರ್ಷ ಇಳುವರಿಯಲ್ಲಿ ಕಾಣುತ್ತಲೇ ಇರುತ್ತದೆ. ಹದಿನೈದು ಇಪ್ಪತ್ತು ವರ್ಷ ಸಾಕಿದ ಮರ. ಬಿಡಲು ಮನಸ್ಸಾದರೂ ಹೇಗೆ ಬರುತ್ತದೆ?

ಬೇಸಿಗೆಯಲ್ಲಿ ಮಲಗುವ ನೆಲದ ಜಾಗದಲ್ಲಿ ಹನ್ನೆರಡು ತಿಂಗಳೂ ಎಚ್ಚರವಾಗಿರುವ ಬೆಳೆ ಬಂತು. ಅದರೊಂದಿಗೆ ಮನೆಯ ನಿದ್ದೆಯೂ ಹೋಯಿತು. ಹೇಗೆ ಎಂದು ಕೇಳಿ.

ತ್ರೀ ಫೇಸ್ ಕರೆಂಟು ಹೊತ್ತು ನೋಡಿ ಬರುವ ಕಾಲ. ರಾತ್ರಿ ಎರಡಕ್ಕೋ ಮೂರಕ್ಕೋ ಬಂದರೆ ಯಾರಾದರೂ ಏಳಬೇಕು. ಅಪ್ಪ ಟಾರ್ಚು ಹಿಡಿದು ಹೋಗುತ್ತಾನೆ. ಗುಂಡಿ ಒತ್ತುತ್ತಾನೆ. ಮೋಟಾರು ನೆಲದ ಅಡಿಯಿಂದ ಗುಂಯ್ ಎನ್ನುತ್ತದೆ. ಕೊಳವೆಯ ಬಾಯಿಂದ ಮೊದಲು ಬರುವುದು ಗಾಳಿ. ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು. ಇಪ್ಪತ್ತು ನಿಮಿಷ ಆಗುವಾಗ ಸದ್ದು ಬದಲಾಗುತ್ತದೆ. ಪುಸ್, ಪುಸ್ ಎಂದು ಕೊಳವೆ ಉಗುಳತೊಡಗುತ್ತದೆ. ಒಳಗೆ ಮಲಗಿದ್ದ ಹೆಂಡತಿಗೆ ಅಷ್ಟು ದೂರದಿಂದಲೇ ಗೊತ್ತು. ಎದ್ದು ಹೋಗಿ ನೋಡಬೇಕಾಗಿಲ್ಲ. ಇನ್ನು ಆರಿಸಬೇಕು. ನೀರು ಊರಲು ಎರಡು ಗಂಟೆ ಬಿಡಬೇಕು. ಬಿಟ್ಟಾಗ ಕರೆಂಟು ಇರುತ್ತದೆಯೇ ಎಂಬುದು ಬೇರೆ ಮಾತು.

ಬೆಳಗ್ಗೆ ಅಜ್ಜಿಯ ಆಡಳಿತ. ಕುಡಿಯುವ ನೀರು ಪಂಚಾಯಿತಿ ನಲ್ಲಿಯದು. ಬೇಸಿಗೆಯಲ್ಲಿ ಅದು ದಿನ ಬಿಟ್ಟು ದಿನ, ವಾರಕ್ಕೊಮ್ಮೆ. ಬೋರಿನ ನೀರು ಸವುಳು, ಬೇಳೆ ಬೇಯುವುದಿಲ್ಲ. ಹಾಗಾಗಿ ಎರಡು ನೀರು, ಎರಡು ಲೆಕ್ಕ. ಅಕ್ಕಿ ತೊಳೆದ ನೀರು ಚೆಲ್ಲುವುದಿಲ್ಲ. ಅದು ಕಲಗಚ್ಚಿನ ಬಾನಿಗೆ. ತರಕಾರಿ ತೊಳೆದದ್ದೂ ಅದಕ್ಕೇ. ಗಂಜಿಯ ತಿಳಿ ಸೇರುತ್ತದೆ, ಒಂದು ಹಿಡಿ ಹಿಂಡಿ ಸೇರುತ್ತದೆ. ಬಾನಿ ಹಸುವಿನ ಮುಂದೆ. ಪಾತ್ರೆಯನ್ನು ಮೊದಲು ಬೂದಿ ಹಾಕಿ ತೆಂಗಿನ ನಾರಿನಿಂದ ಒಣ ಒಣವಾಗಿ ಉಜ್ಜಬೇಕು. ಆಮೇಲೆ ಒಂದೇ ಚೊಂಬಿನಲ್ಲಿ ಮೂರು ಪಾತ್ರೆ ತೊಳೆಯಬೇಕು. ಸ್ನಾನ ಬಚ್ಚಲಿನಲ್ಲಿ ಅಲ್ಲ, ಹಿತ್ತಲಿನ ಚಪ್ಪಡಿಯ ಮೇಲೆ. ಚಪ್ಪಡಿಯಿಂದ ಒಂದು ಗೇಣಗಲದ ಕಾಲುವೆ. ಅದು ಮೊದಲು ಕರಿಬೇವಿನ ಬುಡಕ್ಕೆ, ಅಲ್ಲಿಂದ ನುಗ್ಗೆಗೆ, ಅಲ್ಲಿಂದ ಎರಡು ಬಾಳೆಗೆ. ಯಾರ ಸ್ನಾನದ ನೀರು ಬಾಳೆಯವರೆಗೆ ಹೋಯಿತು ಎಂದು ಅಜ್ಜಿ ನೋಡುತ್ತಾಳೆ. ಹೋದರೆ ಬೈಗುಳ. ಅಷ್ಟು ನೀರು ಸುರಿದುಕೊಂಡೆಯಾ ಎಂದು.

ಹಸು ಸೀಮೆಹಸು. ಅದಕ್ಕೆ ಬಿಸಿಲು ಆಗದು. ಮಧ್ಯಾಹ್ನ ಬಾಯಿ ತೆರೆದು ಏದುಸಿರು ಬಿಡುತ್ತದೆ. ಮೈಮೇಲೆ ಒದ್ದೆ ಗೋಣಿ ಹಾಕಬೇಕು. ಗೋಣಿ ಒದ್ದೆ ಮಾಡಲು ಮತ್ತೆ ನೀರು. ಆದರೂ ಅಜ್ಜಿಯ ಸರದಿಯಲ್ಲಿ ಹಸು ಮನುಷ್ಯರಿಗಿಂತ ಮೊದಲು. ಅದಕ್ಕೆ ಭಕ್ತಿ ಒಂದೇ ಕಾರಣವಲ್ಲ. ಬೇಸಿಗೆಯಲ್ಲಿ ಮನೆಗೆ ತಪ್ಪದೆ ಬರುವ ರೊಕ್ಕ ಹಾಲಿನ ಸೊಸೈಟಿಯದೊಂದೇ. ಅಂಗಡಿಯ ಸಾಲ, ಮೊಮ್ಮಗಳ ಶಾಲೆಯ ಫೀಸು ಆ ಹಾಲಿನ ಚೀಟಿಯಿಂದಲೇ ನಡೆಯಬೇಕು. ಅಪ್ಪನ ಸರದಿಯಲ್ಲಿ ತೆಂಗು ಮೊದಲು. ಗಂಡಸರು ಮರ ಎಣಿಸುತ್ತಾರೆ, ಹೆಂಗಸರು ಕೊಡ ಎಣಿಸುತ್ತಾರೆ. ಮನೆಯ ಮಾತೆಲ್ಲ ಇಷ್ಟರಲ್ಲೇ ಕೆರಳುತ್ತದೆ, ಇಷ್ಟರಲ್ಲೇ ತಣಿಯುತ್ತದೆ.

ಊಟಕ್ಕೆ ಹಿಂದಿನ ರಾತ್ರಿ ಕಾಯಿಸಿಟ್ಟ ಸಜ್ಜೆಯ ಅಂಬಲಿ. ಮಜ್ಜಿಗೆ ಬೆರೆಸಿ, ಚಿಕ್ಕ ಈರುಳ್ಳಿ ಕಡಿದುಕೊಂಡು, ಕರಿದ ಬಾಳಕದ ಮೆಣಸಿನಕಾಯಿ ಜೊತೆ. ಹತ್ತು ಗಂಟೆಗೆ ಒಮ್ಮೆ ಕುಡಿದರೆ ಮಧ್ಯಾಹ್ನದವರೆಗೆ ದಾಹ ಹತ್ತಿರ ಬರುವುದಿಲ್ಲ. ಮಕ್ಕಳಿಗೆ ಮೇ ತಿಂಗಳು ರಜೆ. ಅವರ ಪಾಲಿಗೆ ಬೇಸಿಗೆ ಎಂದರೆ ತಾಟಿನುಂಗು. ತಾಳೆಯ ಕಾಯಿ ಕೆತ್ತಿಸಿ ಬೆರಳು ಹಾಕಿ ಎಳೆದು ತಿನ್ನುವುದು, ಉಳಿದ ಬುರುಡೆಗೆ ಕಡ್ಡಿ ಚುಚ್ಚಿ ಗಾಡಿ ಮಾಡಿ ಓಡಿಸುವುದು. ಬತ್ತಿದ ಬಾವಿಯ ತಳದಲ್ಲಿ ಕ್ರಿಕೆಟ್ ಆಡಬಾರದೆಂದು ಅವರಿಗೆ ದಿನಾ ಹೇಳಬೇಕು.

ರಾತ್ರಿ ಮೋಟಾರಿಗೆ ಏಳುವುದು, ಹಗಲು ಚೊಂಬು ಎಣಿಸುವುದು, ಅಜ್ಜಿಯ ಸರದಿ ಒಂದು, ಅಪ್ಪನ ಸರದಿ ಒಂದು. ಇದು ಸಾಧಾರಣ ಬೇಸಿಗೆ. ಈಗ ಕೆಟ್ಟ ಬೇಸಿಗೆಗೆ ಬರುತ್ತೇನೆ.

2016ರ ಹಿಂಗಾರು ತಮಿಳುನಾಡಿಗೆ ಪೂರ್ತಿ ಕೈಕೊಟ್ಟಿ‍ತು. ಬರಬೇಕಾದ ಮಳೆಯಲ್ಲಿ ಶೇಕಡಾ ಅರವತ್ತಕ್ಕೂ ಹೆಚ್ಚು ಕೊರತೆ. 2017ರ ಜನವರಿಯಲ್ಲಿ ಇಡೀ ರಾಜ್ಯವನ್ನೇ ಬರಪೀಡಿತ ಎಂದು ಸಾರಿದರು. ನಮ್ಮಲ್ಲೂ ಆ ವರ್ಷ ಬರವೇ. ಅದೇ ಜನವರಿಯಲ್ಲಿ ಚೆನ್ನೈಯ ಸಮುದ್ರದ ದಂಡೆಯಲ್ಲಿ ಜಲ್ಲಿಕಟ್ಟಿನ ಹೋರಾಟ ನಡೆಯಿತು. ದೇಸಿ ಹೋರಿಗಳ ಚಿತ್ರ ಎಲ್ಲೆಲ್ಲೂ. ಒಳ್ಳೆಯದೇ. ಆದರೆ ಚಿತ್ರ ಸೊಪ್ಪೆ ತಿನ್ನುವುದಿಲ್ಲ. ಕೊಟ್ಟಿಗೆಯಲ್ಲಿದ್ದ ದನಕ್ಕೆ ಮೇವು ಹುಡುಕುವುದು ಆ ವರ್ಷ ಬಲು ಕಷ್ಟವಾಯಿತು. ಕೊರಂಗಾಡಿನ ಹುಲ್ಲು ಬುಡದವರೆಗೆ ಸವೆದಿತ್ತು. ದನವನ್ನು ಬಂದ ಬೆಲೆಗೆ ಸಂತೆಗೆ ಹೊಡೆದವರು ಬಹಳ. ಮತ್ತೊಂದು ಪೀಡೆಯೂ ಜೊತೆಗೆ ಬಂತು. ತೆಂಗಿನ ಸುರುಳಿ ಬಿಳಿನೊಣ ದೇಶದಲ್ಲಿ ಮೊದಲು ಕಾಣಿಸಿಕೊಂಡ ಜಾಗಗಳಲ್ಲಿ ಪೊಳ್ಳಾಚಿಯೂ ಒಂದು. ಅದು ಬಂದದ್ದು ಅದೇ 2016ರಲ್ಲಿ.

ಆಗ ನಮ್ಮ ಮನೆಯವರು ಮಾಡಿದ್ದೇನು? ಮೊದಲು ಬೋರು. ಬೋರು ಲಾರಿಯ ಮೇಲೆ ತಿರುಚೆಂಗೋಡು ಎಂದು ಬರೆದಿರುವುದನ್ನು ನೀವು ನಿಮ್ಮ ಊರಿನಲ್ಲೂ ನೋಡಿರುತ್ತೀರಿ. ಆ ಊರು ಅಲ್ಲಿಗೆ ಹತ್ತಿರವೇ. ಜಾಗ ನೋಡುವವನು ಬಂದ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲ ಓಡಾಡಿದ. ಕಾಯಿ ನೆಟ್ಟಗೆ ನಿಂತ ಕಡೆ ಕಲ್ಲು ಇಟ್ಟ. ಲಾರಿ ಸಂಜೆ ಬಂತು, ಬೆಳಗಿನವರೆಗೆ ಕೊರೆಯಿತು. ಆ ಸದ್ದಿನಲ್ಲಿ ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲ. ಬೂದಿಯಂಥ ಬಿಳಿ ಕಲ್ಲುಪುಡಿ ಎದ್ದು ಒಗೆದ ಬಟ್ಟೆ, ತುಳಸಿ, ದನದ ರೆಪ್ಪೆ ಎಲ್ಲದರ ಮೇಲೂ ಕೂರುತ್ತದೆ. ಅಮ್ಮ ಜಗಲಿಯಲ್ಲಿ ಕುಳಿತು ಆ ಪುಡಿಯನ್ನೇ ನೋಡುತ್ತಿದ್ದಳು. ಒದ್ದೆಯಾದರೆ ಪುಡಿ ಕಪ್ಪಾಗಬೇಕು. ಒಂಬೈನೂರು ಅಡಿಗೂ ಪುಡಿ ಬಿಳಿ. ಲಾರಿಯವನು ಅಡಿಯ ಲೆಕ್ಕದಲ್ಲಿ ದುಡ್ಡು ಎಣಿಸಿಕೊಂಡು ಹೋದ. ಅದು ಅಮ್ಮನ ಬಳೆಯ ದುಡ್ಡು. ನೀರು ಬರದ ಬೋರಿಗೆ ಒಂದು ಕಲ್ಲು ಮುಚ್ಚಿದರು.

ಬೋರಿನ ಜೂಜಿನ ಬಗ್ಗೆ ನಾನು ಉಪದೇಶ ಮಾಡಲಾರೆ. ಎರಡು ಸೋತ ಮೇಲೆ ಮೂರನೆಯದು ಹಾಕಿಸುವವನಿಗೆ ಲೆಕ್ಕ ಬರುವುದಿಲ್ಲ ಎಂದಲ್ಲ. ಕಣ್ಣೆದುರಿಗೆ ಇನ್ನೂರು ಮರ ನಿಂತಿರುತ್ತವೆ.

ಆಮೇಲೆ ಟ್ಯಾಂಕರು. ಒಂದು ದೊಡ್ಡ ಟ್ಯಾಂಕರಿಗೆ ಹತ್ತು ಹನ್ನೆರಡು ಸಾವಿರ ಲೀಟರ್. ಮೂರು ಎಕರೆಗೆ ಒಂದು ದಿನಕ್ಕೂ ಸಾಲದು. ತೀವ್ರ ಕೊರತೆಯ ವರ್ಷದಲ್ಲಿ ಮರಕ್ಕೆ ಇಪ್ಪತ್ತು ಲೀಟರಿನ ಆಸುಪಾಸು ಕೊಟ್ಟು ಜೀವ ಹಿಡಿದಿಡಿ ಎಂದೂ ಕೃಷಿ ವಿಶ್ವವಿದ್ಯಾನಿಲಯದವರು ಹೇಳುತ್ತಾರೆ. ಹಾಗೆ ಮಾಡಿದರು. ಮರದ ಸುತ್ತ ಗುಂಡಿ ತೋಡಿ, ತೆಂಗಿನ ಸಿಪ್ಪೆಯನ್ನು ಬಟ್ಟಲಿನ ಬದಿ ಮೇಲಾಗಿ ಹೂತರು. ಅದು ನೀರು ಹಿಡಿಯುತ್ತದೆ. ಮೇಲೆ ಒಣಗರಿ ಹೊದಿಸಿದರು. ಈ ಕೆಲಸ ಮಾಡಿದವರು ಅಮ್ಮ ಮತ್ತು ಸೊಸೆ. ಆದರೂ ಬೋರು ದೂರವಾದ ಮೂಲೆಯ ಎಕರೆಯನ್ನು ಕೈಬಿಡಬೇಕಾಯಿತು. ಯಾವ ಎಕರೆ ಎಂದು ತೀರ್ಮಾನ ಮಾಡಿದ ದಿನ ಅಪ್ಪ ಊಟ ಮಾಡಲಿಲ್ಲ. ಆ ಬೇಸಿಗೆಯಲ್ಲಿ ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಸತ್ತ ತೆಂಗಿಗೆ ಲೆಕ್ಕವಿಲ್ಲ. ಕಡಿದ ಮರ ಇಟ್ಟಿಗೆ ಗೂಡುಗಳಿಗೆ ಹೋಯಿತು.

ಮಗ ತಿರುಪ್ಪೂರಿನ ಕಂಪನಿಗೆ ಸೇರಿದ. ಬೆಳಗ್ಗೆ ಕಂಪನಿಯ ಬಸ್ಸು ಊರ ಬಾಗಿಲಿಗೆ ಬರುತ್ತದೆ. ಆರು ತಿಂಗಳ ಮೇಲೆ ಸೊಸೆಯೂ ಹತ್ತಿದಳು. ಬನಿಯನ್ ಹೊಲಿದ ಕೂಲಿಯಿಂದ ತೆಂಗಿಗೆ ಟ್ಯಾಂಕರು ಬಂತು. ತೋಟ ಮನೆಯನ್ನು ಸಾಕುವ ಬದಲು ಮನೆ ತೋಟವನ್ನು ಸಾಕತೊಡಗಿತು.

ಕೊಟ್ಟಿಗೆಯ ನೀರು, ಬೋರಿನ ನೀರು, ಟ್ಯಾಂಕರಿನ ನೀರು ಎಲ್ಲ ಹೇಳಿದೆ. ಕಾಲುವೆ, ಹೊಳೆ ಇಲ್ಲವೇ ಎಂದು ನೀವು ಕೇಳಬಹುದು. ಇವೆ. ಪರಂಬಿಕುಳಂ–ಆಳಿಯಾರ್ ಯೋಜನೆಯ ಕಾಲುವೆ ಪೊಳ್ಳಾಚಿ, ಉಡುಮಲೈ, ಪಲ್ಲಡಂ, ಕಾಂಗೇಯಂವರೆಗೆ ಹರಿಯುತ್ತದೆ. ಅಚ್ಚುಕಟ್ಟು ಸುಮಾರು ಮೂರೂಮುಕ್ಕಾಲು ಲಕ್ಷ ಎಕರೆ. ನೀರು ಅಷ್ಟಿಲ್ಲ. ಹಾಗಾಗಿ ನಾಲ್ಕು ವಲಯ ಮಾಡಿ ಸರದಿಯ ಮೇಲೆ ಬಿಡುತ್ತಾರೆ. ಒಂದು ಜಮೀನಿಗೆ ಎರಡು ವರ್ಷಕ್ಕೆ ಒಂದು ಸಲ. ಜೋಳಕ್ಕಾದರೆ ಸರಿ, ತೆಂಗಿಗೆ ಎರಡು ವರ್ಷ ಕಾಯಿ ಎಂದರೆ ಕಾಯುತ್ತದೆಯೇ? ನೊಯ್ಯಲ್ ಹೊಳೆಯ ಕಥೆ ಬೇರೆ. ತಿರುಪ್ಪೂರಿನ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ನೀರು ಸೇರಿ ಕೆಳಗಿನ ಒರತ್ತುಪಾಳೆಯಂ ಅಣೆಕಟ್ಟು ಕೊಳೆಯ ಕೆರೆಯಾಯಿತು. 2011ರಲ್ಲಿ ಹೈಕೋರ್ಟು ಆ ಘಟಕಗಳನ್ನು ಮುಚ್ಚಿಸಬೇಕಾಯಿತು. ಹೊಳೆಯ ದಂಡೆಯ ಕೆಲವು ಬಾವಿಗಳಲ್ಲಿ ಬೇಸಿಗೆಯಲ್ಲೂ ನೀರಿತ್ತು. ದನ ಮೂಸಿ ಮುಖ ತಿರುಗಿಸುವ ನೀರು.

ಅವಿನಾಶಿ ಕಡೆಯವರು ಹತ್ತಾರು ವರ್ಷ ಕೇಳಿದ ಅತ್ತಿಕ್ಕಡವು–ಅವಿನಾಶಿ ಯೋಜನೆ 2024ರ ಆಗಸ್ಟಿನಲ್ಲಿ ಶುರುವಾಯಿತು. ಭವಾನಿಯಲ್ಲಿ ಹೆಚ್ಚಾದ ನೀರನ್ನು ಪಂಪು ಮಾಡಿ ಸುಮಾರು ಸಾವಿರ ಕೆರೆಕುಂಟೆ ತುಂಬಿಸುವ ಕೆಲಸ. ಹೆಚ್ಚಾದಾಗ ಮಾತ್ರ. ಕತ್ತರಿ ಬಿಸಿಲಿನಲ್ಲಿ ಅದರಿಂದ ನೇರವಾಗಿ ನೀರು ಬರುವುದಿಲ್ಲ. ಆದರೆ ಕುಂಟೆ ತುಂಬಿದರೆ ಬಾವಿ ಊರುತ್ತದೆ ಎಂಬ ಆಸೆ ಇದೆ.

ಈ ಆಸೆಯೇ ಈಗ ನಮ್ಮ ಮನೆಯ ಹೊಸ ಜಗಳ. ಕೈಬಿಟ್ಟ ಆ ಮೂರನೆಯ ಎಕರೆ ಖಾಲಿ ಇದೆ. ಮಗ ಹೇಳುತ್ತಾನೆ, ಕುಂಟೆಗೆ ನೀರು ಬಂದಿದೆ, ಮತ್ತೆ ತೆಂಗು ಇಡೋಣ. ಅಪ್ಪ ಹೇಳುತ್ತಾನೆ, ಮೂಲನೂರು ಕಡೆಯವರ ಹಾಗೆ ನುಗ್ಗೆ ಹಾಕೋಣ, ಅದಕ್ಕೆ ನೀರು ಕಡಿಮೆ. ಅಜ್ಜಿ ಎರಡನ್ನೂ ಒಪ್ಪುವುದಿಲ್ಲ. ಬೇಲಿ ಕಟ್ಟಿ ಹುಲ್ಲಿಗೆ ಬಿಡಿ, ನಾಲ್ಕು ಕುರಿ ಹೆಚ್ಚಿಗೆ ಸಾಕೋಣ ಎನ್ನುತ್ತಾಳೆ. ಕುರಿ ಮೇಯಿಸುವವರು ಯಾರು ಎಂದರೆ, ಬೇಲಿ ಇದ್ದಮೇಲೆ ಮೇಯಿಸುವುದು ಯಾಕೆ ಎನ್ನುತ್ತಾಳೆ. ಸೊಸೆಯನ್ನು ಯಾರೂ ಕೇಳಿಲ್ಲ. ಕೇಳಿದ್ದರೆ ಅವಳು ಹೇಳುವುದು ಒಂದೇ: ಮೊದಲು ಮಳೆನೀರಿಗೆ ಮಾಳಿಗೆಯಿಂದ ಒಂದು ಕೊಳವೆ ಇಳಿಸಿ, ಬೇಳೆ ಬೇಯಲಿ.

ಆಡಿ ತಿಂಗಳು ಬರಲಿ, ಗಾಳಿಯ ಜೊತೆ ನಾಲ್ಕು ಹನಿ ಬಿದ್ದರೆ ನೋಡೋಣ ಎನ್ನುತ್ತಾನೆ ಅಪ್ಪ. ಅಷ್ಟರಲ್ಲಿ ನರ್ಸರಿಯಲ್ಲಿ ಒಳ್ಳೆಯ ಸಸಿಗಳೆಲ್ಲ ಖಾಲಿಯಾಗುತ್ತವೆ ಎನ್ನುತ್ತಾನೆ ಮಗ.